ತಾರವ್ವನ ಮನೆಯ ಅಳತೆ

ನಮ್ಮ ಊರಿನಲ್ಲಿ ಮನೆಯನ್ನು ಒಮ್ಮೆ ಅಳೆದರೆ ಮುಗಿಯುವುದಿಲ್ಲ. ಪ್ರತಿ ವರ್ಷ ಯುಗಾದಿ ಕಳೆದ ಮಾರನೆಯ ವಾರ ಪುರಸಭೆಯವರು ಟೇಪು ಹಿಡಿದು ಹೊರಡಬೇಕು. ಮಗು ಹುಟ್ಟಿದ ಮನೆ ಒಂದು ಮೊಳ ಅಗಲವಾಗಿರುತ್ತದೆ. ಸೊಸೆ ಬಂದ ಮನೆಯಲ್ಲಿ ಮಲಗುವ ಖೋಲಿಯೊಂದು ಹೆಚ್ಚಿರುತ್ತದೆ. ಯಾರಾದರೂ ತೀರಿಕೊಂಡರೆ ಮನೆ ಕೆಲವು ದಿನ ಹಾಗೆಯೇ ಇದ್ದು, ಆಮೇಲೆ ನಿಧಾನವಾಗಿ ಒಳಕ್ಕೆ ಸರಿಯುತ್ತದೆ. ಗೋಡೆ ಸರಿಯಲು ಶುರುವಾದ ದಿನ ನೆರೆಯವರು ಕರೆಯದೆಯೇ ಬಂದು ಪೆಟ್ಟಿಗೆ, ಮಂಚಗಳನ್ನು ಹೊರಗೆ ತಂದಿಡುತ್ತಾರೆ. ನಮ್ಮಲ್ಲಿ ಗೋಡೆಯೊಳಗೆ ಕಪಾಟು ಕೂಡಿಸುವವರು ಯಾರೂ ಇಲ್ಲ.

ಹದಿನೆಂಟು ವರ್ಷ ಆ ಟೇಪನ್ನು ಹಿಡಿದವಳು ನಾನು. ಹೆಸರು ಪ್ರೇಮಾ ಬಡಿಗೇರ, ಪುರಸಭೆಯ ಕಂದಾಯ ನಿರೀಕ್ಷಕಿ. ಟೇಪಿನ ಇನ್ನೊಂದು ತುದಿ ನಿವೃತ್ತಿಗೆ ಹತ್ತಿರವಾಗಿದ್ದ ಜವಾನ ಯಲ್ಲಪ್ಪನದು. ಯಾರಿಗೆ ಯಾರ ಮೇಲೆ ಮುನಿಸು, ಯಾರ ಮನೆಯಲ್ಲಿ ಹೊಸ ಜೀವ ಬರಲಿದೆ ಎಂಬುದು ಗೋಡೆ ನೋಡಿದರೆ ನಮಗೆ ತಿಳಿಯುತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಆಡುವುದು ನಮ್ಮ ಕೆಲಸವಲ್ಲ. ಉದ್ದ, ಅಗಲ ಬರೆದುಕೊಂಡು, ಕೊಟ್ಟರೆ ಚಹಾ ಕುಡಿದು ಮುಂದಿನ ಮನೆಗೆ ಹೋಗುತ್ತಿದ್ದೆವು.

ನನ್ನ ಅಪ್ಪ ಹೋದಾಗ ಅವರ ಖೋಲಿ ಹನ್ನೊಂದು ದಿನ ನಿಂತಿತ್ತು. ಹನ್ನೆರಡನೆಯ ದಿನ ಕಚೇರಿಯಿಂದ ಬಂದು ನೋಡಿದರೆ ಅಲ್ಲಿ ಗೋಡೆಯಿತ್ತು. ಲಕ್ವಾ ಹೊಡೆದು ಮಲಗಿದ್ದ ಅವರನ್ನು ಒಂಬತ್ತು ವರ್ಷ ನೋಡಿಕೊಂಡಿದ್ದೆ. ಆ ಒಂಬತ್ತು ವರ್ಷದಲ್ಲಿ ನನ್ನ ಮದುವೆಯ ಮಾತು ಯಾವಾಗ ಬಂದು ಯಾವಾಗ ನಿಂತಿತೆಂದು ನನಗೂ ನೆನಪಿಲ್ಲ. ನೀರಿನ ಟಾಕಿಯ ಹಿಂದಿನ ಆ ಮನೆ ನನ್ನೊಬ್ಬಳ ಅಳತೆಗೆ ಬಂದು ನಿಂತಿತು. ಇನ್ನು ಇದು ಬದಲಾಗುವುದಿಲ್ಲ ಎಂದುಕೊಂಡು, ಊರಿನ ಮನೆಗಳನ್ನೆಲ್ಲ ಅಳೆಯುತ್ತಿದ್ದ ನಾನು ನನ್ನ ಮನೆಗೆ ಮಾತ್ರ ಟೇಪು ಹಿಡಿಯದೆ ಹಿಂದಿನ ವರ್ಷದ ಅಂಕಿಯನ್ನೇ ಬರೆದುಬಿಡುತ್ತಿದ್ದೆ.

ಪುರಸಭೆಯ ಕಟ್ಟಡದ ಹಿಂದೆ ಸುಣ್ಣಗಾರ ಓಣಿ ಇದೆ. ಆಗ ಅಲ್ಲಿ ಹನ್ನೊಂದು ಮನೆಗಳು ಒಂದಕ್ಕೊಂದು ಆತು ನಿಂತಿದ್ದವು. ಒಂದು ಮನೆ ಹಿಗ್ಗಿದರೆ ಪಕ್ಕದವರ ಹಿತ್ತಲು ಕಿರಿದಾಗುತ್ತಿತ್ತು. ಜಗಳದ ಅರ್ಜಿಗಳು ತಪ್ಪದೆ ಬರುತ್ತಿದ್ದವು. ರೇವಣಕರ ಎಂಬ ಬಿಲ್ಡರ್ ಒಬ್ಬರು ಆ ಓಣಿಯನ್ನು ತೆಗೆದು, ಮನೆ ಮನೆಗಳ ನಡುವೆ ಹಿಗ್ಗಲು ಜಾಗ ಬಿಟ್ಟು, ಮೂರು ಅಂತಸ್ತಿನ ಕಟ್ಟಡ ಕಟ್ಟುವ ಯೋಜನೆ ತಂದರು. ಓಣಿಯವರಿಗೆ ಅವರವರ ಅಳತೆಯಷ್ಟು ಮನೆ ಅಲ್ಲಿಯೇ ಸಿಗಬೇಕು, ಉಳಿದದ್ದು ರೇವಣಕರರದು. ಒಳ್ಳೆಯ ಯೋಜನೆಯೆಂದೇ ಎಲ್ಲರಿಗೂ ಅನ್ನಿಸಿತು.

ಕರಾರಿನ ಕರಡು ತಯಾರಿಸುವ ಕೆಲಸ ನನಗೆ ಬಂತು. ಮನೆಗಳು ಮಿಸುಕಾಡದ ಬೇರೊಂದು ಊರಿನ ಕರಾರುಪತ್ರವನ್ನು ಎದುರಿಗಿಟ್ಟುಕೊಂಡು ಒಂದೇ ಮಧ್ಯಾಹ್ನದಲ್ಲಿ ಮೂವತ್ತೊಂದು ಪುಟ ಇಳಿಸಿದೆ. ಅದರ ಹದಿನಾಲ್ಕನೆಯ ಷರತ್ತಿನಲ್ಲಿ, ಇನ್ನೂರ ನಲವತ್ತು ಚದರ ಅಡಿಗಿಂತ ಚಿಕ್ಕದಾದ ಮನೆಯವರಿಗೆ ಕಟ್ಟಡದಲ್ಲಿ ಜಾಗ ಕೊಡತಕ್ಕದ್ದಲ್ಲ, ಅವರಿಗೆ ಊರ ಹೊರಗೆ ಬದಲಿ ನಿವೇಶನ ಕೊಡತಕ್ಕದ್ದು ಎಂದಿತ್ತು. ಅದನ್ನೂ ಬರೆದೆ. ಸಭೆಯಲ್ಲಿ ಅದು ಏಳನೆಯ ವಿಷಯವಾಗಿತ್ತು. ಆರನೆಯ ವಿಷಯಕ್ಕೇ ಮಂಡಕ್ಕಿ, ಮಿರ್ಚಿ ಬಂದಿದ್ದರಿಂದ ಯಾರೂ ಕಾಗದ ಮುಟ್ಟಲಿಲ್ಲ. "ಮಂಜೂರು, ಮಂಜೂರು" ಎಂದು ನಾಲ್ಕು ಕಡೆಯಿಂದ ಕೇಳಿಸಿತು. ನಾನು ನಡಾವಳಿ ಪುಸ್ತಕದಲ್ಲಿ ಸರ್ವಾನುಮತ ಎಂದು ಬರೆದೆ. ಯುಗಾದಿಗೊಂದು ಅಳತೆ, ಕಾರ್ತಿಕದಲ್ಲಿ ಇನ್ನೊಂದು ಅಳತೆ, ಎರಡನೆಯದೇ ಕೊನೆಯದು ಎಂದು ಠರಾವಾಯಿತು.

ಯುಗಾದಿಯ ಅಳತೆಗೆ ಓಣಿಗೆ ಹೋದಾಗ ಜಾತ್ರೆಯಂತೆ ಜನ. ಮೊದಲ ಮನೆಯ ಗುರುಪಾದಪ್ಪ ಹದಿನಾಲ್ಕು ಮಂದಿ ಬೀಗರನ್ನು ಬಸ್ಸು ಹತ್ತಿಸಿ ಕರೆಸಿಕೊಂಡಿದ್ದ. ಎಲ್ಲರೂ ಪಡಸಾಲೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರು. ಮನೆ ಒಂದು ಬೆರಳೂ ಹಿಗ್ಗಿರಲಿಲ್ಲ. ಅಷ್ಟೂ ಜನಕ್ಕೆ ಮೂರು ದಿನ ರೊಟ್ಟಿ ಬಡಿದ ಸೊಸೆ ಮುನಿಸಿಕೊಂಡಿದ್ದರಿಂದ ಹಿಂದಿನ ಖೋಲಿ ಅರ್ಧ ಅಡಿ ಕುಗ್ಗಿತ್ತು. "ಬಾಯಾರ, ಇನ್ನೊಮ್ಮೆ ಹಿಡೀರಿ ಟೇಪು, ಸಡ್ಲ ಐತಿ" ಎಂದು ಗುರುಪಾದಪ್ಪ ಗೋಗರೆದ. ಯಲ್ಲಪ್ಪ ನಗು ತಡೆಯಲಾರದೆ ಹೊರಗೆ ಹೋಗಿ ನಿಂತ.

ಓಣಿಯ ತುದಿಯಲ್ಲಿ ತಾರವ್ವನ ಮನೆ. ಅವಳ ಗಂಡ ಫಕೀರಪ್ಪ ಪುರಸಭೆಯಲ್ಲಿ ನಳದ ನೀರು ಬಿಡುವವನಾಗಿದ್ದ. ಅವನು ಹೋಗಿ ಎಂಟು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬೇಸಿಗೆಯಲ್ಲಿ ಓಣಿಯವರಿಗೆಲ್ಲ ಶಾವಿಗೆ ಹೊಸೆದುಕೊಡುತ್ತಿದ್ದಳು, ಉಳಿದ ದಿನ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದಳು. ಮನೆ ಕುಗ್ಗಿ ಕುಗ್ಗಿ ಒಂದು ಖೋಲಿ, ಒಂದು ಅಡುಗೆಮನೆಗೆ ಬಂದಿತ್ತು. ಶಾವಿಗೆ ಒಣಹಾಕಲು ಒಳಗೆ ಜಾಗವಿಲ್ಲದೆ ಬಾಗಿಲ ಮುಂದೆ ಕೋಲು ಕಟ್ಟಿದ್ದಳು. ನಾವು ಶಾವಿಗೆಯ ಎಳೆಗಳ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದೆವು. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಗುಣಿಸಿದಾಗ ಅಂಕಿ ಇನ್ನೂರ ಹನ್ನೆರಡು ಚದರ ಅಡಿಗೆ ನಿಂತಿತು.

ಆ ಅಂಕಿಯನ್ನು ಬರೆಯುವಾಗಲೇ ನನಗೆ ಹದಿನಾಲ್ಕನೆಯ ಷರತ್ತು ನೆನಪಾದದ್ದು. ಓಣಿಯಲ್ಲಿ ಇನ್ನೂರ ನಲವತ್ತಕ್ಕಿಂತ ಚಿಕ್ಕದು ಇದೊಂದೇ ಮನೆ.

"ಬಾಯಾರ, ನಿಮ್ಮ ಕಚೇರಿ ಕಾಗದ ಬಂದೈತಿ. ನನಗ ಓದಾಕ ಬರೂದಿಲ್ಲ. ಏನ್ ಬರದೀರಿ ಅದರಾಗ?" ಎಂದು ತಾರವ್ವ ನೋಟೀಸನ್ನು ನನ್ನ ಕೈಗಿಟ್ಟಳು.

ನಾನು ಓದಿದೆ. ಹೊಸ ಕಟ್ಟಡ, ಗಾಳಿ ಬೆಳಕು, ನಳ, ಮೆಟ್ಟಿಲು, ಎಲ್ಲವನ್ನೂ ಓದಿದೆ. ಹದಿಮೂರು ಓದಿ ಹದಿನೈದಕ್ಕೆ ದಾಟಿದೆ. ಯಲ್ಲಪ್ಪ ನನ್ನ ಮುಖ ನೋಡಿದ. ತಾರವ್ವ, "ಚಲೋ ಆತು ಬಿಡ್ರಿ" ಎಂದು ಕಾಗದವನ್ನು ಮಡಚಿ ಹಿಟ್ಟಿನ ಡಬ್ಬಿಯ ಕೆಳಗಿಟ್ಟಳು.

ನಿಜ ಹೇಳಬೇಕೆಂದು ಮುಂದಿನ ವಾರವೇ ಹೋದೆ. ಹೇಳಲು ಬಾಯಿ ಬರಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಲೆ ತಿಂದು ಬಂದೆ. ಅದರ ಮುಂದಿನ ವಾರ ಮತ್ತೆ ಹೋದೆ. ಒಮ್ಮೆ ಗೋಡೆಯ ದಪ್ಪ ನೋಡಬೇಕೆಂದೆ, ಒಮ್ಮೆ ನಳದ ಮೀಟರ್ ಎಂದೆ. ನಾಲ್ಕನೆಯ ಸಲ ನೆಪ ಹೇಳುವ ಮೊದಲೇ ತಾರವ್ವ ತಟ್ಟೆ ಇಟ್ಟಳು. ಮಳೆಗಾಲ ಬರುವ ಹೊತ್ತಿಗೆ ಕಚೇರಿ ಬಿಟ್ಟೊಡನೆ ನನ್ನ ಕಾಲು ತಾನಾಗಿ ಆ ಓಣಿಗೆ ಹೊರಳುತ್ತಿತ್ತು. ಅವಳು ಒಲೆಯ ಮುಂದೆ, ನಾನು ಹೊಸ್ತಿಲ ಮೇಲೆ. ಫಕೀರಪ್ಪ ಯಾವ ಓಣಿಗೆ ಯಾವ ಹೊತ್ತಿಗೆ ನೀರು ಬಿಡುತ್ತಿದ್ದ, ಬಾಣಂತಿ ಇದ್ದ ಓಣಿಗೆ ಹೇಗೆ ಅರ್ಧ ತಾಸು ಹೆಚ್ಚು ಬಿಡುತ್ತಿದ್ದ ಎಂದೆಲ್ಲ ಹೇಳುತ್ತಿದ್ದಳು. ನಾನು ಅಪ್ಪನ ಮಾತು ತೆಗೆಯುತ್ತಿದ್ದೆ. ಕೊನೆಯ ವರ್ಷ ಅವರು ನನ್ನನ್ನು ತಮ್ಮ ಅಕ್ಕ ಎಂದು ತಿಳಿದು ಬಯ್ಯುತ್ತಿದ್ದುದನ್ನು ನಾನು ಮೊದಲ ಬಾರಿಗೆ ಹೇಳಿದ್ದು ಅವಳಿಗೆ. "ಬೈಸ್ಕೊಂಡಿ ಅಲ್ಲ, ಪಾಪ" ಎಂದು ಅವಳು ರೊಟ್ಟಿಯ ಮೇಲೆ ಇನ್ನೊಂದು ಬೆಣ್ಣೆಯುಂಡೆ ಇಟ್ಟಳು. ಬಾಯಾರ ಎನ್ನುವುದು ಹೋಗಿ ಪ್ರೇಮವ್ವ ಆದದ್ದು ಅಂದೇ ಇರಬೇಕು.

ಹದಿನಾಲ್ಕನೆಯ ಷರತ್ತು ಮಾತ್ರ ಗಂಟಲಲ್ಲೇ ಉಳಿಯಿತು. ಒಂದು ಮಧ್ಯಾಹ್ನ ಕಚೇರಿಯಲ್ಲಿ ಯಾರೂ ಇಲ್ಲದಾಗ ಅಳತೆ ಪುಸ್ತಕ ತೆಗೆದು, ಇನ್ನೂರ ಹನ್ನೆರಡರ ಹನ್ನೆರಡನ್ನು ತಿದ್ದಿ ಎಪ್ಪತ್ತೆರಡು ಮಾಡಲು ಪೆನ್ನು ಎತ್ತಿದೆ. ಒಂದನ್ನು ಏಳು ಮಾಡುವುದು ಎಷ್ಟು ಸುಲಭ. ಹದಿನೆಂಟು ವರ್ಷದಲ್ಲಿ ಒಂದು ಅಂಕಿಯನ್ನೂ ಸುಳ್ಳು ಬರೆದಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಪುಸ್ತಕ ಮುಚ್ಚಿದೆ. ಅಂದು ತಾರವ್ವನ ಮನೆಗೆ ಹೋಗಲು ಧೈರ್ಯವಾಗಲಿಲ್ಲ.

ದಸರೆ ಮುಗಿದ ನಾಲ್ಕನೆಯ ದಿನ ಹೋದಾಗ ತಾರವ್ವ ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಕೊಡ ಇಡುವ ಕಟ್ಟೆಯ ಪಕ್ಕದಲ್ಲಿ ಒಂದು ಬಾಗಿಲು. ಬಾಗಿಲಾಚೆ ಆರು ಅಡಿ ಏಳು ಅಡಿಯ ಖೋಲಿ, ಮೂಡಲಿಗೆ ಕಿಟಕಿ. ನೆಲ ಇನ್ನೂ ತಣ್ಣಗಿತ್ತು.

"ಮುಂಜಾನೆ ಎದ್ದು ನೋಡ್ತೀನಿ, ಐತಿ" ಎಂದಳು. ಮುಖ ಎಳೆಯ ಹುಡುಗಿಯ ಮುಖವಾಗಿತ್ತು. "ಯಾರೋ ಬರಾವರು ಅದಾರ ಪ್ರೇಮವ್ವ."

ಇನ್ನೂರ ಹನ್ನೆರಡಕ್ಕೆ ನಲವತ್ತೆರಡು ಸೇರಿದರೆ ಇನ್ನೂರ ಐವತ್ತನಾಲ್ಕು. ಅವಳ ಮನೆ ಉಳಿಯಿತು. ನಾನು ಕುಣಿಯಬೇಕಿತ್ತು. ಆದರೆ ಎದೆಯಲ್ಲಿ ಏನೋ ಚುಚ್ಚಿತು. ತಾರವ್ವನ ತಂಗಿಯ ಮಗಳೊಬ್ಬಳು ಪಕ್ಕದ ಊರಿನಲ್ಲಿದ್ದಳು, ಆಗಾಗ ಬಂದುಹೋಗುತ್ತಾಳೆಂದು ತಾರವ್ವ ಹೇಳಿದ್ದಳು. ಅವಳೇ ಬಂದು ಇರುತ್ತಾಳೆ. ಇನ್ನು ಹೊಸ್ತಿಲ ಮೇಲೆ ಕೂರುವವಳು ಅವಳು. "ಚಲೋ ಆತು" ಎಂದು ಹೇಳಿ ತಟ್ಟೆಗೆ ಕಾಯದೆ ಬಂದುಬಿಟ್ಟೆ. ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. ನಲವತ್ತೇಳು ವರ್ಷದ ಹೆಂಗಸು ಒಬ್ಬ ಕಾಣದ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತ, ಖಾನಾವಳಿಯ ರೊಟ್ಟಿ ತರಿಸಿ ತಿಂದೆ. ಅದೂ ತಾರವ್ವನೇ ಬಡಿದ ರೊಟ್ಟಿ ಎಂದು ಮೊದಲ ತುತ್ತಿಗೇ ಗೊತ್ತಾಯಿತು.

ಮೂರನೆಯ ವಾರ ಭಾನುವಾರ ಬೆಳಿಗ್ಗೆ ಮನೆ ಗುಡಿಸುತ್ತಿದ್ದೆ. ಪೊರಕೆಯ ಹಿಡಿ ಹಿಂದಿನ ಗೋಡೆಗೆ ಬಡಿಯಿತು. ಅಲ್ಲಿ ಗೋಡೆ ಇರಬಾರದಿತ್ತು. ಸುತ್ತ ನೋಡಿದೆ. ಅಡುಗೆಮನೆಯಲ್ಲಿ ಇಬ್ಬರು ತಿರುಗಲು ಆಗದು, ಮಂಚದ ಕಾಲು ಬಾಗಿಲಿಗೆ ತಾಗಿದೆ. ಎಷ್ಟು ದಿನದಿಂದ ಹೀಗೆ ಅಡ್ಡಡ್ಡ ನಡೆಯುತ್ತಿದ್ದೆನೋ, ಗಮನಿಸಿರಲಿಲ್ಲ. ಕಚೇರಿಯ ಟೇಪು ಚೀಲದಲ್ಲೇ ಇತ್ತು. ಒಂದು ತುದಿಗೆ ಇಟ್ಟಿಗೆ ಇಟ್ಟು ನಾನೇ ಅಳೆದೆ. ನಾನು ವರ್ಷ ವರ್ಷ ಬರೆಯುತ್ತಿದ್ದ ಮುನ್ನೂರು ಚದರ ಅಡಿಯಲ್ಲಿ ನೂರ ಅರವತ್ತು ಉಳಿದಿತ್ತು.

ಊರಿನ ಎಲ್ಲರ ಮನೆಯ ಗೋಡೆ ಓದಿದವಳಿಗೆ ಇದನ್ನು ಓದಲು ಎಷ್ಟು ಹೊತ್ತು? ನೆಲದ ಮೇಲೆ ಕುಳಿತು ಅತ್ತೆ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಮಾರನೆಯ ದಿನವೇ ಕಾರ್ತಿಕದ ಅಳತೆ. ಇಂಜಿನಿಯರ್, ರೇವಣಕರ, ಯಲ್ಲಪ್ಪ, ನಾನು ಓಣಿಗೆ ಹೋದೆವು. ತಾರವ್ವ ನನ್ನನ್ನು ನೋಡಿಯೂ ಮಾತಾಡಿಸಲಿಲ್ಲ, ಮುಖ ಊದಿಸಿಕೊಂಡು ನಿಂತಿದ್ದಳು. ಇನ್ನೂರ ಐವತ್ತನಾಲ್ಕು ಬಂತು. ರೇವಣಕರ ಕೆಟ್ಟ ಮನುಷ್ಯರಲ್ಲ, ಆದರೆ ಲೆಕ್ಕ ಬಲ್ಲವರು. ಖೋಲಿಯಲ್ಲಿ ಒಂದು ಚಾಪೆಯೂ ಇಲ್ಲದ್ದನ್ನು ನೋಡಿದರು. ಓಣಿಯಲ್ಲಿ ಒಂದಿಬ್ಬರನ್ನು ಮಾತಾಡಿಸಿದರು. ಆಮೇಲೆ ನೀರಿನ ಟಾಕಿಯ ಹಿಂದೆ ಹೋಗಿ ನನ್ನ ಮನೆಯನ್ನು ಹೊರಗಿನಿಂದ ಹೆಜ್ಜೆ ಹಾಕಿ ಅಳೆದರಂತೆ.

ಗುರುವಾರ ಸಭೆ. ಅಧ್ಯಕ್ಷೆ ನಿಂಗವ್ವ ತಳವಾರ ಕುರ್ಚಿಯಲ್ಲಿ, ಎಡಕ್ಕೆ ಮುಖ್ಯಾಧಿಕಾರಿಗಳು. ಹಿಂದಿನ ಬೆಂಚುಗಳಲ್ಲಿ ಓಣಿಯವರು, ಅವರ ನಡುವೆ ತಾರವ್ವ. ರೇವಣಕರ ಎದ್ದು ನಿಂತು ಕೈಮುಗಿದರು.

"ಯಾರ ಹೊಟ್ಟೀ ಮ್ಯಾಲೂ ಹೊಡಿಯೂದು ನನ್ನ ಉದ್ದೇಶ ಅಲ್ಲರಿ. ಆದರ ತಾರವ್ವನ ಮನ್ಯಾಗ ಹೆಚ್ಚಾದ ಖೋಲಿ ಹುಟ್ಟಿದ್ದು ಅಳತೀ ಮಾಡಿದ ಬಾಯಾರಿಂದ. ಅವರ ಮನಿ ಕಮ್ಮಿ ಆಗೈತಿ, ಬೇಕಾದ್ರ ನೋಡಿ ಬರ್ರಿ. ಅಳಿಯಾವ್ರ ಹೋಗಿ ಮನಿ ಹಿಗ್ಗಿಸಿದ್ರ, ಆ ಅಳತಿಗೆ ಏನ್ ಅರ್ಥ ಬಂತು?"

ಸಭೆಯಲ್ಲಿ ಗುಸುಗುಸು ಎದ್ದಿತು. ಮುಖ್ಯಾಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಅಧ್ಯಕ್ಷೆ ನನ್ನತ್ತ ತಿರುಗಿದರು. "ಪ್ರೇಮಾ ಬಾಯಿ, ನೇರ ಕೇಳ್ತೀನಿ. ಆ ಖೋಲಿ ಯಾರದು?"

ನಾನು ಎದ್ದು ನಿಂತೆ. ಆ ಸಭಾಂಗಣದಲ್ಲಿ ಎಷ್ಟೋ ವರ್ಷ ಇತರರು ಆಡಿದ್ದನ್ನು ಬರೆದುಕೊಂಡವಳು ನಾನು, ಎದ್ದು ನಿಂತು ಮಾತಾಡಿದವಳಲ್ಲ. ತಾರವ್ವನ ಕಡೆ ನೋಡಲು ಆಗಲಿಲ್ಲ.

"ನಂದ್ರಿ" ಎಂದೆ.

ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು. ಹದಿನಾಲ್ಕನೆಯ ಷರತ್ತನ್ನು ಬೇರೆ ಊರಿನ ಕಾಗದದಿಂದ ಯೋಚನೆಯಿಲ್ಲದೆ ಇಳಿಸಿದ್ದು ನಾನು. ಅದು ಯಾರನ್ನು ಹೊರಗೆ ಹಾಕುತ್ತದೆಂದು ತಿಳಿದ ಮೇಲೂ ಸುಮ್ಮನಿದ್ದದ್ದು ನಾನು. ಓದು ಬಾರದ ಹೆಂಗಸಿಗೆ ಕಾಗದ ಓದುವಾಗ ಆ ಸಾಲು ದಾಟಿದ್ದೂ ನಾನೇ. "ಆ ತಪ್ಪು ಹೇಳಾಕಂತ ಮೊದಲ ಸಲ ಹೋದೆ. ಆಮ್ಯಾಲ ಯಾಕ ಹೋದೆ ಅಂತ ನನಗೂ ಗೊತ್ತಿರಲಿಲ್ಲರಿ. ಬೇಕಂತ ಹಿಗ್ಗಿಸಾಕ ಹೋಗಲಿಲ್ಲ. ಈಗ ಏನ್ ಶಿಕ್ಷಾ ಕೊಟ್ರೂ ತಗೋತೀನಿ."

ಹಿಂದಿನಿಂದ ಬೆಂಚು ಕಿರುಗುಟ್ಟಿತು. ತಾರವ್ವ ಎದ್ದು ನಿಂತಿದ್ದಳು.

"ಆ ಸಾಲು ನನಗ ಗೊತ್ತಿತ್ತು" ಎಂದಳು. "ಅದ ದಿನ ಸಂಜಿಮುಂದ ಟೇಲರ್ ಮೌಲಾಸಾಬನ ಕಡೆ ಮತ್ತ ಓದಿಸಿದ್ದೆ. ಈಕಿ ಯಾಕ ಬಿಟ್ಟು ಓದಿದ್ಲು ಅಂತ ಸಿಟ್ಟು ಬಂದಿತ್ತು. ಮುಂದಿನ ವಾರ ಬಂದು ಹೊಸ್ತಿಲ ಮ್ಯಾಲ ಕುಂತ್ಲು. ಮಾರಿ ಸಣ್ಣದು ಮಾಡ್ಕೊಂಡು, ಹೇಳಾಕೂ ಆಗವಲ್ದು, ಎದ್ದು ಹೋಗಾಕೂ ಆಗವಲ್ದು. ಮೊದಲ ಉಣ್ಣಲಿ, ಆಮ್ಯಾಲ ಹೇಳ್ತಾಳ ಬಿಡು ಅಂದ್ಕೊಂಡೆ." ನನ್ನತ್ತ ತಿರುಗಿ ಗದರಿದಳು: "ಖೋಲಿ ಹುಟ್ಟಿ ಮೂರು ವಾರ ಆತು. ಕಸ ಹೊಡದು, ಸಾರಿಸಿ ಕಾಯಾಕತ್ತೀನಿ. ಹಾಸಿಗಿ ತರೂದು ಬಿಟ್ಟು ಎಲ್ಲಿ ಅಡಗಿದ್ದಿ ನೀ?"

ಯಾರೋ ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಅಧ್ಯಕ್ಷೆ ಕರಾರುಪತ್ರವನ್ನು ಎದುರಿಗೆ ಎಳೆದುಕೊಂಡು, "ನಾವೂ ಓದದೇ ಮಂಜೂರು ಅಂದವರ. ಇವತ್ತ ಓದೂಣು. ಮೊದಲಿಂದ" ಎಂದರು. ಮೂವತ್ತೊಂದು ಪುಟಗಳನ್ನು ಸದಸ್ಯರು ಒಬ್ಬೊಬ್ಬರಾಗಿ ದೊಡ್ಡದಾಗಿ ಓದಿದರು. ಕೆಲವರಿಗೆ ತೊದಲಿತು, ಕೆಲವರು ನಡುವೆ ನಿಂತು ಅರ್ಥ ಕೇಳಿದರು. ಹದಿನಾಲ್ಕನೆಯ ಷರತ್ತು ಬಂದಾಗ ಗುರುಪಾದಪ್ಪ ಹಿಂದಿನಿಂದ, "ನನ್ನ ಮಗಾ ಸೊಸಿ ಬ್ಯಾರೆ ಆದ್ರ ನಂದೂ ಇಷ್ಟ ಆಕ್ಕೈತಲ್ರಿ" ಎಂದ. ನಮ್ಮ ಊರಿನಲ್ಲಿ ಯಾರ ಮನೆ ಯಾವಾಗ ಇನ್ನೂರ ನಲವತ್ತಕ್ಕೆ ಇಳಿಯುತ್ತದೆಂದು ಹೇಳುವವರು ಯಾರು? ರೇವಣಕರ ತಮ್ಮ ಕಡೆಯವರೊಡನೆ ಒಂದಿಷ್ಟು ಮಾತಾಡಿ, "ತೆಗೀರಿ, ನಂದೇನೂ ತಕರಾರಿಲ್ಲ" ಎಂದರು. ಅಧ್ಯಕ್ಷೆ ತಮ್ಮ ಕೈಯಿಂದಲೇ ಆ ಸಾಲಿನ ಮೇಲೆ ಗೆರೆ ಎಳೆದರು.

ನನ್ನ ತಪ್ಪಿಗೂ ಠರಾವಾಯಿತು. ಅಳತೆಯ ಕೆಲಸ ನನ್ನಿಂದ ತೆಗೆದು ಜನನ ಮರಣ ವಿಭಾಗಕ್ಕೆ ಹಾಕಿದರು. ತಾರವ್ವನ ಮನೆಯನ್ನು ಬೇರೆಯವರಿಂದ ಮತ್ತೆ ಅಳೆಸಿದರು. ಅಷ್ಟರಲ್ಲಿ ನನ್ನ ಹಾಸಿಗೆ, ಎರಡು ಟ್ರಂಕು ಆ ಖೋಲಿಗೆ ಹೋಗಿದ್ದವು. ಟೇಪು ಯಲ್ಲಪ್ಪನ ಕೈಯಿಂದ ಹೊಸಬನ ಕೈಗೆ ಹೋದದ್ದನ್ನು ಹೊಸ್ತಿಲ ಮೇಲೆ ಕುಳಿತು ನೋಡಿದೆ. ಎದೆ ಭಾರವಾಯಿತು, ಇಲ್ಲವೆನ್ನಲಾರೆ. ಹದಿನೆಂಟು ವರ್ಷದ ಕೆಲಸ. ಯಲ್ಲಪ್ಪ ಹೋಗುವಾಗ ನನ್ನ ಬಳಿ ಬಗ್ಗಿ, "ಕಿಟಕಿ ಚಲೋ ಐತ್ರೀ ಬಾಯಾರ" ಎಂದ.

ಮಾರ್ಗಶಿರದಲ್ಲಿ ಕರಾರಿಗೆ ರುಜು ಹಾಕುವ ದಿನ ಬಂತು. ಹನ್ನೊಂದು ಮನೆಯವರು ಸಭಾಂಗಣದಲ್ಲಿ ಸಾಲಾಗಿ ನಿಂತರು. ನನ್ನ ಜಾಗಕ್ಕೆ ಬಂದಿದ್ದ ಮುತ್ತುರಾಜ ಮೇಜಿನ ಮುಂದೆ ಕುಳಿತು ಪ್ರತಿ ಮನೆಯ ನಮೂನೆ ತುಂಬುತ್ತಿದ್ದ. ಅಚ್ಚುಕಟ್ಟಿನ ಮನುಷ್ಯ, ಅಕ್ಷರ ದುಂಡಗೆ. ನಮ್ಮ ಸರದಿ ಬಂದಾಗ ತಾರವ್ವನ ಹೆಸರು ಬರೆದ, ಅದರ ಕೆಳಗೆ ನನ್ನ ಹೆಸರು ಬರೆದ, ಮುಂದಿನ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದ.

"ಸಂಬಂಧ ಏನಂತ ಬರೀಲ್ರಿ?"

ನಾನು ಏನೋ ಹೇಳಲು ಹೋದೆ. ಮಗಳು ಎಂದರೆ ಸುಳ್ಳು, ಬಾಡಿಗೆಯವಳು ಎಂದರೆ ಇನ್ನೂ ದೊಡ್ಡ ಸುಳ್ಳು. ಮುತ್ತುರಾಜ ನಮೂನೆಯ ಹಿಂದೆ ಅಚ್ಚಾಗಿದ್ದ ಪಟ್ಟಿಯನ್ನು ಬೆರಳಿಟ್ಟು ನೋಡಿದ. ತಾಯಿ, ಮಗ, ಮಗಳು, ಸೊಸೆ, ಅಣ್ಣ, ತಮ್ಮ. "ಇದರಾಗ ಯಾವುದು?" ಎಂದು ಮತ್ತೆ ಕೇಳಿದ. ನಮ್ಮ ಹಿಂದೆ ನಿಂತಿದ್ದ ಮೌಲಾಸಾಬ ಕೆಮ್ಮಿದ.

ತಾರವ್ವ ಮೇಜಿನ ಮೇಲೆ ಎರಡೂ ಕೈ ಊರಿದಳು. ಬೆರಳ ಸಂದಿಯಲ್ಲಿ ಜೋಳದ ಹಿಟ್ಟು ಇನ್ನೂ ಇತ್ತು.

"ನೋಡಪಾ, ಈಕಿ ಕಚೇರಿಯಿಂದ ಬರೂತನಕ ನಾ ಉಣ್ಣೂದಿಲ್ಲ. ನಾ ಉಣ್ಣೂತನಕ ಈಕಿ ಮಲಗೂದಿಲ್ಲ" ಎಂದಳು. "ಇದಕ್ಕ ನಿಮ್ಮ ಕಾಗದದಾಗ ಏನಂತಾರ, ಅದನ್ನ ಬರಕೋ."

ಮುತ್ತುರಾಜ ತಲೆಯೆತ್ತಿ ಅವಳನ್ನು ನೋಡಿದ, ನನ್ನನ್ನು ನೋಡಿದ. ಪಟ್ಟಿಯನ್ನು ಮಗುಚಿಟ್ಟ. ಆಮೇಲೆ ತನ್ನ ದುಂಡನೆಯ ಅಕ್ಷರದಲ್ಲಿ, ಆ ಕಾಲಮ್ಮಿನಲ್ಲಿ, ಒಂದೇ ಪದ ಬರೆದು ಶಾಯಿ ಆರಲೆಂದು ಊದಿದ.

ಮನೆಯವರು.